ಗೃಹೋದ್ಯಾನ: ವೆಡೇಲಿಯ ಎಂಬ ಹೂಹಾಸು

ಮನೆಯ ಸುತ್ತ ನಾಲ್ಕು ಗಜ ನೆಲವುಳ್ಳವರೆಲ್ಲರಿಗೂ ಯಾವುದಾದರೊಂದು ಮೂಲೆಯ ಚಿಂತೆ ಇದ್ದೇ ಇರುವುದು. ಮಲ್ಲಿಗೆ, ಗುಲಾಬಿ, ದಾಸವಾಳಗಳ ಸ್ಥಾನ ಮೊದಲೇ ಗೊತ್ತಾಗಿರುತ್ತದೆ. ತುಳಸಿಯ ಕಟ್ಟೆಗೆ ಅಂಗಳದಲ್ಲಿ ಪ್ರಶಸ್ತವಾದ ಎಡೆಯುಂಟು. ಆದರೆ ಆವರಣದ ಗೋಡೆಯ ಬುಡದಲ್ಲಿ, ಮೆಟ್ಟಿಲ ಪಕ್ಕದ ಇಳಿಜಾರಿನಲ್ಲಿ, ಮನೆ ಕಟ್ಟುವಾಗ ಜಲ್ಲಿ ಮರಳುಗಳನ್ನು ಸುರಿದು ಹಾಳಾದ ಕಡೆಯಲ್ಲಿ ಹುಲ್ಲು ಕೂಡ ಸರಿಯಾಗಿ ಹಿಡಿಯದು. ಬೇಸಗೆಯಲ್ಲಿ ಅಲ್ಲಿಂದ ಧೂಳೆದ್ದು ನಡುಮನೆಗೆ ಬರುವುದು. ಮಳೆಗಾಲದಲ್ಲಿ ಅಲ್ಲಿಯ ಕೆಮ್ಮಣ್ಣು ಕೊಚ್ಚಿಹೋಗಿ ಮೋರಿಯನ್ನು ಕಟ್ಟುವುದು. ಇಂತಹ ನೆಲಕ್ಕೆ ಏನನ್ನು ಹೊದಿಸಬಹುದೆಂದು ನರ್ಸರಿಯವರನ್ನು ವಿಚಾರಿಸಿದರೆ, ಅವರು ಬಹುಮಟ್ಟಿಗೆ ಕೊಡುವುದು ಒಂದೇ ಗಿಡವನ್ನು. ಅದೇ ವೆಡೇಲಿಯ. ಈ ತಿಂಗಳು ಅದರ ಕೃಷಿಯನ್ನು ಕುರಿತೂ, ಅದಕ್ಕಿಂತ ಮುಖ್ಯವಾಗಿ ಅದನ್ನು ಹದ್ದಿನಲ್ಲಿಡುವ ಕ್ರಮವನ್ನು ಕುರಿತೂ ಬರೆಯಬೇಕೆಂದು ನಾವು ಉದ್ದೇಶಿಸಿದ್ದೇವೆ.

ಈ ಗಿಡವನ್ನು ನೋಡದವರು ವಿರಳ. ಬೆಂಗಳೂರಿನ ಉದ್ಯಾನಗಳಲ್ಲಿಯೂ ದೊಡ್ಡ ರಸ್ತೆಗಳ ನಡುವಣ ಪಟ್ಟಿಗಳಲ್ಲಿಯೂ ಗೇಣುದ್ದ ಎತ್ತರಕ್ಕೆ ದಟ್ಟವಾಗಿ ಹಬ್ಬಿ, ಹಸಿರು ಕಂಬಳಿಯ ಮೇಲೆ ಹಳದಿಯ ಬೊಟ್ಟುಗಳನ್ನಿಟ್ಟಂತೆ ಕಾಣುವುದು ಇದೇ. ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿ ಹುಟ್ಟುತ್ತವೆ. ಕೈಯಿಂದ ಸವರಿದರೆ ತುಸು ಒರಟು. ಒಂದೊಂದು ಎಲೆಯೂ ತುದಿಯ ಕಡೆಗೆ ಅಗಲವಾಗಿ ಸಾಮಾನ್ಯವಾಗಿ ಮೂರು ಹೋಳಾಗಿ ಸೀಳಿರುವುದರಿಂದ ಇದನ್ನು ಗುರುತಿಸುವುದು ಸುಲಭ. ಹೂವು ಒಂದು ಅಂಗುಲದಷ್ಟು ಅಗಲ, ಬಣ್ಣ ಅಚ್ಚ ಅರಿಸಿನ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೆ ಸೇರಿದುದಾದ್ದರಿಂದ, ನಾವು ಒಂದು ಹೂವೆಂದು ತಿಳಿಯುವುದು ನಿಜವಾಗಿ ಅನೇಕ ಸಣ್ಣ ಹೂಗಳ ಗೊಂಚಲು. ಕಿತ್ತರೆ ಬೇಗನೆ ಬಾಡುವುದರಿಂದ ಮುಡಿಯಲೂ ಮಾಲೆ ಕಟ್ಟಲೂ ಒದಗದು. ಆದರೆ ಗಿಡದ ಮೇಲೆ ಹೆಚ್ಚುಕಡಮೆ ವರ್ಷವಿಡೀ ಅರಳುತ್ತಲೇ ಇರುವುದು. ಜೇನ್ನೊಣಗಳೂ ಚಿಟ್ಟೆಗಳೂ ಬಿಸಿಲೇರಿದ ಮೇಲೆ ಅದನ್ನು ಬಿಟ್ಟು ಹೋಗವು.

ಇದರ ಹೆಸರಿನ ಕಥೆ ಸ್ವಲ್ಪ ವಿನೋದವಾದುದು. ಲಿನ್ನೇಯಸ್ ಪಂಡಿತನು 1759ರಲ್ಲಿ ಇದಕ್ಕೆ ಶಾಸ್ತ್ರೀಯವಾದ ಹೆಸರನ್ನಿಟ್ಟು ವರ್ಣಿಸಿದನು. ಅನಂತರ ಇದನ್ನು ಜರ್ಮನಿಯ ಯೇನಾ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ವೆಡೆಲ್ ಎಂಬಾತನ ಹೆಸರುಳ್ಳ ಕುಲಕ್ಕೆ ಸೇರಿಸಿದರು. 1996ರಲ್ಲಿ ಅಲ್ಲಿಂದಲೂ ತೆಗೆದು ಸ್ಫ್ಯಾಗ್ನೆಟಿಕೋಲ ಎಂಬ ಕುಲಕ್ಕೆ ವರ್ಗಾಯಿಸಿದರು. ನರ್ಸರಿಯವರು ಈ ಹೊಸ ಹೆಸರನ್ನು ನಾಲಿಗೆಯ ಮೇಲೆ ತಂದುಕೊಳ್ಳದೆ ಹಳೆಯದನ್ನೇ ಉಳಿಸಿಕೊಂಡಿರುವುದು ಸಹಜವೇ. ಆಸ್ಟ್ರೇಲಿಯದವರು ಇದನ್ನು ಸಿಂಗಪುರದ ಡೈಸಿ ಎನ್ನುತ್ತಾರೆ. ಆದರೆ ಇದು ಸಿಂಗಪುರದ್ದಲ್ಲ. ಇದರ ತವರು ಮೆಕ್ಸಿಕೋದಿಂದ ಮೊದಲ್ಗೊಂಡು ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೇರಿಕದ ಉಷ್ಣಪ್ರದೇಶಗಳವರೆಗಿನ ನಾಡು. ನಮ್ಮ ಹಿರಿಯರು ಹೊರನಾಡಿನಿಂದ ಬಂದುದಕ್ಕೆಲ್ಲ ‘ಸೀಮೆ’ ಎಂಬ ಮುದ್ರೆಯನ್ನೊತ್ತುತ್ತಿದ್ದರು. ಸೀಮೆಹುಣಿಸೆ, ಸೀಮೆಬದನೆ ಎರಡೂ ಈ ಗಿಡದ ನೆರೆಯೂರಿನವೇ. ಅವರ ಕಾಲದಲ್ಲಿ ಇದು ಮನೆಮನೆಗೂ ಬಂದಿದ್ದರೆ ‘ಸೀಮೆಗರುಗ’ ಎಂಬ ಒಳ್ಳೆಯ ಹೆಸರು ಇದಕ್ಕೆ ಸಿಕ್ಕಿರುತ್ತಿತ್ತೇನೋ.

ಗರುಗದ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುವುದು ಅವಶ್ಯ. ತಲೆಯ ಎಣ್ಣೆಗೆ ಹಾಕುವ ಗರುಗಕ್ಕೆ ಸಣ್ಣ ಬಿಳಿಯ ಹೂವು. ಅದಲ್ಲದೆ ಪೀತಭೃಂಗರಾಜವೆಂದು ವೈದ್ಯರು ಬಳಸುವ ಹಳದಿ ಹೂವಿನ ಗಿಡವೊಂದು ನಮ್ಮ ದೇಶದಲ್ಲೇ ಉಂಟು. ಅದು ವೆಡೇಲಿಯಕ್ಕೆ ದಾಯಾದಿಯೇ ಸರಿ. ಹೂವನ್ನು ಮಾತ್ರ ನೋಡಿ ಅಂಗಳದ ವೆಡೇಲಿಯವನ್ನೇ ಭೃಂಗರಾಜವೆಂದು ಭ್ರಮಿಸಿ ಕಷಾಯಕ್ಕೋ ಎಣ್ಣೆಗೋ ಹಾಕುವವರಿದ್ದಾರೆ. ಹಾಗೆ ಮಾಡಕೂಡದು. ಪೀತಭೃಂಗರಾಜದ ಎಲೆ ನೀಳವಾಗಿ, ಈಟಿಯ ಮೊನೆಯಂತೆ ಕಿರಿದಾಗಿರುವುದು. ಅದಕ್ಕೆ ಮೂರು ಹೋಳುಗಳಿಲ್ಲ. ಸಂದೇಹವಿದ್ದಲ್ಲಿ ಎರಡನ್ನೂ ಮುಟ್ಟದೆ ತಿಳಿದವರಿಗೆ ತೋರಿಸುವುದು ಲೇಸು. ದನಕರುಗಳಿಗೂ ವೆಡೇಲಿಯವನ್ನು ಮೇವಾಗಿ ಹಾಕತಕ್ಕದ್ದಲ್ಲ.

ಇನ್ನು ನೆಡುವ ವಿಚಾರ. ಬೀಜವನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಇಲ್ಲ. ತವರಿನಿಂದ ದೂರ ಬಂದ ಕಡೆಗಳಲ್ಲಿ ಹೆಚ್ಚಾಗಿ ಈ ಗಿಡದಲ್ಲಿ ಮೊಳೆಯತಕ್ಕ ಬೀಜ ಬಲು ಕಡಮೆ. ತುಂಡಿನಿಂದಲೇ ಅದರ ಸಂತಾನವೆಲ್ಲ. ಬಲಿತ ಬಳ್ಳಿಯನ್ನು ಆರು ಅಂಗುಲದ ತುಂಡುಗಳನ್ನಾಗಿ ಕತ್ತರಿಸಿ, ಒಂದೊಂದರಲ್ಲಿಯೂ ಮೂರು ನಾಲ್ಕು ಗೆಣ್ಣುಗಳಿರುವಂತೆ ನೋಡಿಕೊಳ್ಳಬೇಕು. ಕೆಳಗಿನ ಎರಡು ಗೆಣ್ಣುಗಳ ಎಲೆಗಳನ್ನು ತೆಗೆದು, ಆ ಗೆಣ್ಣುಗಳು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಿ, ಬೆರಳಿನಿಂದ ಒತ್ತಿದರೆ ಕೆಲಸ ಮುಗಿಯಿತು. ಅಡಿಗೊಂದರಂತೆ ಊರಿದರೆ, ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಮಡಿಗೆ ನೂರು ತುಂಡು ಬೇಕಾಗುವುದು. ಇಷ್ಟನ್ನು ಹಣ ಕೊಟ್ಟು ತರುವ ಅಗತ್ಯವಿಲ್ಲ. ಚೆನ್ನಾಗಿ ಹಬ್ಬಿದ ಐದಾರು ಕುಂಡಗಳನ್ನು ಕತ್ತರಿಸಿದರೆ ಸಾಕು.

ಮೃಗಶಿರಾ, ಆರ್ದ್ರಾ ಮಳೆಗಳ ಕಾಲ ನೆಡುವುದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಆಗ ನೀರೆರೆಯುವ ಶ್ರಮವೂ ತಪ್ಪುವುದು. ಬೇರೆ ಕಾಲದಲ್ಲಿ ನೆಟ್ಟರೆ ಮೊದಲ ಎರಡು ವಾರ ದಿನಕ್ಕೊಮ್ಮೆ ನೀರು ಹಾಕಬೇಕು. ಅಷ್ಟರಲ್ಲಿ ಬೇರು ಬಿಟ್ಟಿರುತ್ತದೆ. ಆಮೇಲೆ ವಾರಕ್ಕೆ ಒಂದೆರಡು ಸಲ ಸಾಕು. ನೆಲವನ್ನು ಒಂದು ಗೇಣು ಅಗೆದು, ಗಾರೆಯ ಹೆಂಟೆ ಇಟ್ಟಿಗೆಯ ಚೂರುಗಳನ್ನು ಆರಿಸಿ ತೆಗೆದು, ಪುಟ್ಟಿಯಷ್ಟು ಹಳೆಯ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿದರೆ ಅದಕ್ಕಿಂತ ಹೆಚ್ಚಿನ ಉಪಚಾರ ಇದಕ್ಕೆ ಬೇಡ. ಗೊಬ್ಬರವನ್ನು ಸುರಿದಷ್ಟೂ ಎಲೆ ಕೊಬ್ಬಿ ಹೂವು ಕಡಮೆಯಾಗುವುದು. ನೆರಳಿನಲ್ಲಿಯೂ ಬದುಕುವುದಾದರೂ ಅಲ್ಲಿ ಬರಿಯ ಹಸಿರೇ. ದಿನಕ್ಕೆ ಐದಾರು ಗಂಟೆಗಳ ಬಿಸಿಲು ಬಿದ್ದಲ್ಲಿ ಮಾತ್ರ ಹೂವು ತುಂಬಿ ಬರುತ್ತದೆ. ಕರಾವಳಿಯ ಉಪ್ಪುಗಾಳಿಯನ್ನೂ ತಾಳಿಕೊಳ್ಳುವುದು. ಮಳೆಗಾಲದಲ್ಲಿ ನೆಟ್ಟದ್ದು ನವರಾತ್ರಿಯ ವೇಳೆಗೆ ಒಂದರ ಮೇಲೊಂದು ಹೆಣೆದುಕೊಂಡು ಮಣ್ಣು ಕಾಣದಂತೆ ಆಗುವುದು. ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವ ಕೆಲಸವನ್ನಂತೂ ನಿಷ್ಠೆಯಿಂದ ಮಾಡುವುದು. ಈ ಗುಣವನ್ನು ನಾವು ಅಲ್ಲಗಳೆಯಲಾರೆವು.

ಹಬ್ಬಿದ ಮೇಲೆ ಕೈ ಮುಗಿದು ಕುಳಿತರೆ ಆಗದು. ವರ್ಷಕ್ಕೆ ಮೂರು ಬಾರಿಯಾದರೂ, ಎಂದರೆ ಮಳೆಗೆ ಮುಂಚೆ ಒಮ್ಮೆ, ಮಳೆಯ ನಡುವೆ ಒಮ್ಮೆ, ಮಳೆ ಹಿಂದೆಗೆದ ಮೇಲೆ ಒಮ್ಮೆ, ನಾಲ್ಕು ಅಂಗುಲ ಎತ್ತರಕ್ಕೆ ಕತ್ತರಿಸಬೇಕು. ಹೀಗೆ ಮಾಡದಿದ್ದಲ್ಲಿ ಮೇಲುಭಾಗ ಹಸಿರಾಗಿದ್ದರೂ ಅಡಿಯಲ್ಲಿ ಒಣಬಳ್ಳಿ ಸೇರಿ ಟೊಳ್ಳಾಗುವುದು. ಈ ಟೊಳ್ಳು ಇಲಿಗಳಿಗೆ ಪ್ರಿಯವಾದ ಸ್ಥಳ. ಇಲಿಯ ಹಿಂದೆ ಹಾವು ಬರುವುದೆಂಬುದನ್ನು ಮಕ್ಕಳುಳ್ಳ ಮನೆಯವರಿಗೆ ನಾವು ಹೇಳಬೇಕಾಗಿಲ್ಲ. 1847ರಲ್ಲಿ ಕಲ್ಕತ್ತೆಗೆ ಯಾರೋ ಕುತೂಹಲದಿಂದ ತಂದು ಬಿಟ್ಟ ಆಫ್ರಿಕದ ದೈತ್ಯ ಬಸವನಹುಳು ಈಗ ಬೆಂಗಳೂರಿನ ತೋಟಗಳಿಗೂ ಕೊಡಗಿನ ತೋಟಗಳಿಗೂ ದೊಡ್ಡ ಪೀಡೆಯಾಗಿದೆಯಷ್ಟೆ. ಅದಕ್ಕೆ ಹಗಲು ಹೊತ್ತು ಅಡಗಿಕೊಳ್ಳಲು ಇಂತಹ ತಂಪಾದ ಹಾಸಿಗೆಗಿಂತ ಉತ್ತಮವಾದುದು ಬೇರೊಂದಿಲ್ಲ. ಆದುದರಿಂದ ಮನೆಯ ಗೋಡೆಯಿಂದ ಮೂರು ಅಡಿಯೊಳಗೆ ಇದನ್ನು ಬರಗೊಡಬಾರದು. ತರಕಾರಿಯ ಮಡಿಗೆ ತಗುಲಿಕೊಂಡಂತೆಯೂ ನೆಡಬಾರದು. ಎರಡು ಮೂರು ವರ್ಷಗಳಿಗೊಮ್ಮೆ ಹಳೆಯದನ್ನೆಲ್ಲ ಕಿತ್ತು ಹೊಸ ತುಂಡುಗಳನ್ನು ಊರಿದರೆ ಹಾಸು ಅಚ್ಚುಕಟ್ಟಾಗಿರುವುದು.

ಇಲ್ಲಿಗೆ ನೆಡುವ ಪಾಠ ಮುಗಿಯಿತು. ಇನ್ನು ಕಷ್ಟದ ಪಾಠ. ಬೆಳೆಯುವುದು ಇಷ್ಟು ಸುಲಭವಾದ ಗಿಡವನ್ನು ನಿಲ್ಲಿಸುವುದು ಸುಲಭವಾಗಿರಲಾರದೆಂಬುದನ್ನು ಚತುರರಾದ ಓದುಗರು ಈಗಾಗಲೇ ಊಹಿಸಿರಬಹುದು. ವೆಡೇಲಿಯದ ಬಲವೆಲ್ಲ ಗೆಣ್ಣಿನಲ್ಲಿದೆ. ಬಳ್ಳಿ ನೆಲದ ಮೇಲೆ ಹರಿಯುತ್ತ ಹೋದಂತೆ ಒಂದೊಂದು ಗೆಣ್ಣೂ ಮಣ್ಣು ಸೋಕಿದೊಡನೆ ಬೇರು ಬಿಡುವುದು. ಬೇರು ಬಿಟ್ಟ ಗೆಣ್ಣು ತಾಯಿಯಿಂದ ತುಂಡಾದರೂ ಬೇರೊಂದು ಗಿಡವಾಗಿ ಬದುಕುವುದು. ಹಾಗೆ ಹಬ್ಬಿದ ಮೇಲೆ ತನ್ನ ದಟ್ಟವಾದ ಎಲೆಗಳಿಂದ ಕೆಳಗಿನ ಸಣ್ಣ ಗಿಡಗಳಿಗೆ ಬೆಳಕನ್ನು ತಪ್ಪಿಸುವುದು. ಇದಲ್ಲದೆ ಇದರ ಎಲೆ ಬೇರುಗಳಿಂದ ಮಣ್ಣಿಗೆ ಇಳಿಯುವ ಕೆಲವು ರಸಗಳು ಇತರ ಬೀಜಗಳ ಮೊಳಕೆಯನ್ನೂ ಬೆಳವಣಿಗೆಯನ್ನೂ ಕುಂದಿಸುತ್ತವೆಂದು ಸಸ್ಯಶಾಸ್ತ್ರಜ್ಞರು ಪರೀಕ್ಷೆಗಳಿಂದ ಕಂಡುಕೊಂಡಿದ್ದಾರೆ. ಹುಲ್ಲಿನ ಮೇಲೆ ಹರಿದರೆ ಹುಲ್ಲು ಸಾಯುವುದು. ಕನಕಾಂಬರದ ಮಡಿಗೆ ಹೊಕ್ಕರೆ ಕನಕಾಂಬರ ಸೊರಗುವುದು. ಮಡಿಯ ಬದುವನ್ನು ಕಾಯಲೆಂದು ನೆಟ್ಟ ಹಾಸು ಮಡಿಯನ್ನೇ ನುಂಗುವಾಗ, ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಅಕ್ಷರಶಃ ಕಣ್ಣೆದುರಿಗೆ ನಿಲ್ಲುವುದು.

ಇದನ್ನು ತಡೆಯುವುದಕ್ಕೆ ಆಳವಾಗಿ ಕಲ್ಲು ಹೂಳಬೇಕೆಂದು ಕೆಲವರು ಹೇಳುತ್ತಾರೆ. ನೆಲದೊಳಗೇ ಕವಲೊಡೆದು ಸಾಗುವ ಗಿಡಗಳಿಗೆ ಆ ಉಪಾಯ ಸರಿ. ವೆಡೇಲಿಯವಾದರೋ ಮೇಲುಹಾದಿಯ ಪ್ರಯಾಣಿಕ. ಎರಡು ಅಡಿ ಹೂತ ಚಪ್ಪಡಿಯನ್ನೂ ಮೇಲಿನಿಂದ ಒಂದು ವಾರದಲ್ಲಿ ದಾಟಿ ಬರುವುದು. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ತಕ್ಕ ಬೇಲಿಯೆಂದರೆ ನಡೆದಾಡುವ ದಾರಿಯೇ. ಹಾಸಿನ ಸುತ್ತಲೂ ಒಂದೂವರೆ ಅಡಿ ಅಗಲದ ಬರಿನೆಲವನ್ನಾಗಲಿ ಕಲ್ಲುಹಾಸನ್ನಾಗಲಿ ಬಿಟ್ಟು, ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಸಲ, ಸುತ್ತಿ ಬಂದು ಹೊರಚಾಚಿದ ಕುಡಿಗಳನ್ನು ಚಿವುಟಬೇಕು. ನಾಲ್ಕು ಕಡೆಯೂ ಕಾಲಿಟ್ಟು ಸುತ್ತುವುದಕ್ಕಾಗದ ಸ್ಥಳದಲ್ಲಿ ಇದನ್ನು ನೆಡಬಾರದೆಂಬುದೇ ನಾವು ಹಾಕಿಕೊಡುವ ಮೊದಲ ನಿಯಮ. ಪಕ್ಕದ ಮನೆಯವರ ಬೇಲಿಗೆ ಅಂಟಿಕೊಂಡಂತೆ ನೆಟ್ಟರೆ ಬೇಲಿಯಾಚೆಯ ಕುಡಿಯನ್ನು ಚಿವುಟುವವರು ಯಾರು? ಅಂತಹ ಜಾಗವೇ ಇರುವವರು ದೊಡ್ಡ ಕುಂಡದಲ್ಲೋ ಮಾಳಿಗೆಯ ಅಂಚಿನ ತೊಟ್ಟಿಯಲ್ಲೋ ಬೆಳೆಸಿ, ಬಳ್ಳಿ ಕೆಳಗಿಳಿದು ತೂಗಾಡುವಂತೆ ಬಿಡಬಹುದು. ಅದು ನೋಟಕ್ಕೂ ಚೆಂದ, ಮಣ್ಣು ಸೋಕದಿರುವುದರಿಂದ ನಿರಪಾಯ.

ಎರಡನೆಯ ನಿಯಮ ಕತ್ತರಿಸಿದ ಕಸಕ್ಕೆ ಸಂಬಂಧಪಟ್ಟುದು. ನೆಡುವುದಕ್ಕಿಂತಲೂ ಇದರಲ್ಲಿಯೇ ಹೆಚ್ಚಿನ ಜವಾಬ್ದಾರಿಯಿದೆ. ತೋಟದ ಕೆಲಸದವನು ಕತ್ತರಿಸಿದ ಹೊರೆಯನ್ನು ಎಲ್ಲಿ ಹಾಕುತ್ತಾನೆ? ಎದುರಿನ ಖಾಲಿ ನಿವೇಶನದಲ್ಲಿ. ಇಲ್ಲವೆ ರಸ್ತೆಯ ಪಕ್ಕದ ಚರಂಡಿಯಲ್ಲಿ. ಯಜಮಾನರು ಅಂಗಳ ಶುಭ್ರವಾಯಿತೆಂದು ಸಂತೋಷಪಡುತ್ತಾರೆ. ಹೊರೆಯಲ್ಲಿರುವ ಗೆಣ್ಣುಗಳನ್ನು ಲೆಕ್ಕಹಾಕಿದರೆ ಅಷ್ಟೂ ಗಿಡಗಳನ್ನು ಕೈಯಾರೆ ಬಿತ್ತಿದಂತಾಯಿತು. ಚರಂಡಿಯ ನೀರು ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ತೇಲಿಹೋದ ಒಂದು ತುಂಡು ಕೆರೆಯ ಅಂಚಿನ ಕೆಸರನ್ನು ಮುಟ್ಟಿದರೆ ಅದಕ್ಕೆ ಮತ್ತೇನೂ ಬೇಡ. ಆದುದರಿಂದ ಕತ್ತರಿಸಿದುದನ್ನು ಒಂದು ಎಸಳೂ ಬಿಡದಂತೆ ಗುಡಿಸಿ, ಬಿಸಿಲು ಕಾಲದಲ್ಲಿ ಕಲ್ಲು ಚಪ್ಪಡಿಯ ಮೇಲೋ ತಾರಸಿಯ ಮೇಲೋ ತೆಳ್ಳಗೆ ಹರಡಿ, ಮುಟ್ಟಿದರೆ ಮುರಿಯುವಂತೆ ಗರಿಗರಿಯಾಗುವ ತನಕ ಒಣಗಿಸಬೇಕು. ಬಾಡಿತೆಂದು ಅವಸರಪಡಬಾರದು; ಬಾಡಿದ ಬಳ್ಳಿಯೂ ಒಂದು ಮಳೆ ಬಿದ್ದರೆ ಚಿಗುರುವುದು. ಮಳೆಗಾಲದಲ್ಲಿ ಒಣಗಿಸುವುದು ಸಾಧ್ಯವಿಲ್ಲವಾದ್ದರಿಂದ, ಮುಚ್ಚಳವುಳ್ಳ ಪೀಪಾಯಿಯಲ್ಲಿ ತುಂಬಿ, ಮುಳುಗುವಂತೆ ನೀರು ಹಾಕಿ, ಮೇಲೊಂದು ಕಲ್ಲು ಹೇರಿ, ಬೆಳಕು ಬೀಳದಂತೆ ಮುಚ್ಚಿ ಪೂರ್ತಿ ಕೊಳೆಸಬೇಕು. ವಾಸನೆ ಹೊಡೆಯುವುದೇನೋ ನಿಜ. ಪೀಪಾಯಿಯನ್ನು ಅಡಿಗೆಮನೆಯ ಕಿಟಕಿಯಿಂದ ದೂರವಿಟ್ಟರಾಯಿತು. ಕೊಳೆತ ಮೇಲೆ ಅದು ತೆಂಗಿನ ಬುಡಕ್ಕೆ ಗೊಬ್ಬರವಾಗುವುದು. ಹಸಿಯಾಗಿ ಮಾತ್ರ ತಿಪ್ಪೆಗೆ ಹಾಕಕೂಡದು.

ಒಂದು ಹೂಗಿಡದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಅತಿಯಲ್ಲವೇ ಎಂದು ಕೇಳುವವರಿಗೆ ನಮ್ಮ ಸಮಾಧಾನವಿದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದವರು 2000ದಲ್ಲಿ, ತವರು ಬಿಟ್ಟು ಪರನಾಡುಗಳಲ್ಲಿ ಹಾವಳಿ ಮಾಡುತ್ತಿರುವ ಜೀವಿಗಳಲ್ಲಿ ಅತಿ ಕೆಟ್ಟವಾದ ನೂರನ್ನು ಆರಿಸಿ ಒಂದು ಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ನಮ್ಮ ಅಂಗಳದ ಈ ಅರಿಸಿನ ಹೂವಿದೆ. ಪಂಕ್ತಿಯಲ್ಲಿ ಇದರ ಜೊತೆಗೆ ಕುಳಿತವರು ಯಾರೆಂದು ನೋಡಿದರೆ ನಮ್ಮ ಓದುಗರಿಗೆ ಎಲ್ಲರೂ ಪರಿಚಿತರೇ: ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನು ಕವಿದಿರುವ ಲಂಟಾನ, ಕೆರೆಗಳ ಮೇಲೆ ಹಾಸಿಕೊಂಡಿರುವ ನೇರಿಳೆ ಹೂವಿನ ಅಂತರಗಂಗೆ, ಮಲೆನಾಡಿನವರು ಕಮ್ಯುನಿಸ್ಟ್ ಕಳೆಯೆಂದು ಕರೆಯುವ ಪೊದೆ, ಮೇಲೆ ಹೇಳಿದ ಬಸವನಹುಳು. (ಬಯಲುಸೀಮೆಯಲ್ಲಿ ಕಾಂಗ್ರೆಸ್ ಗಿಡ, ಮಲೆನಾಡಿನಲ್ಲಿ ಕಮ್ಯುನಿಸ್ಟ್ ಕಳೆ ಎಂದು ಹೆಸರಿಟ್ಟ ನಮ್ಮ ರೈತರ ನಿಷ್ಪಕ್ಷಪಾತವನ್ನು ಮೆಚ್ಚಬೇಕು.) ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ವೆಡೇಲಿಯವನ್ನು ಮಾರುವುದಿರಲಿ, ಬಿಟ್ಟಿಯಾಗಿ ಕೊಡುವುದೂ ಕಾನೂನಿಗೆ ವಿರುದ್ಧ. ದಕ್ಷಿಣ ಚೀನದಲ್ಲಿ ಇದು ಅಲ್ಲಿಯ ದೇಶೀಯ ಪೀತಭೃಂಗರಾಜದೊಡನೆ ಬೆರೆತು ಸಂಕರಜಾತಿಯೊಂದು ಹುಟ್ಟಿರುವುದನ್ನೂ ಶಾಸ್ತ್ರಜ್ಞರು ವರ್ಣಿಸಿದ್ದಾರೆ.

ಲಂಟಾನವೂ ಅಂತರಗಂಗೆಯೂ ನಮ್ಮ ದೇಶಕ್ಕೆ ಶತ್ರುಗಳಾಗಿ ಬರಲಿಲ್ಲವೆಂಬುದನ್ನು ನೆನೆಯಬೇಕು. ಹೂವು ಚೆಂದವೆಂದು, ಉದ್ಯಾನಕ್ಕೆ ಶೋಭೆಯೆಂದು ಮರ್ಯಾದೆಯಿಂದ ಕರೆತಂದ ಅತಿಥಿಗಳು ಅವು. ಲಂಟಾನ 19ನೆಯ ಶತಮಾನದ ಆದಿಯಲ್ಲಿ ತೋಟದ ಬೇಲಿಗೆಂದು ಬಂದುದು. ಇಂದು ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ ಮೇಜುಗಳನ್ನು ಹೆಣೆದು ಮಾರುತ್ತಿದ್ದರೂ, ಕಾಡಿನಲ್ಲಿರುವುದಕ್ಕೆ ಅದು ಎಷ್ಟರ ಸಮ! ಹೊರನಾಡಿನದೆಂಬ ಮಾತ್ರಕ್ಕೆ ಗಿಡವನ್ನು ದೂಷಿಸುವ ಅಭಿಪ್ರಾಯ ನಮಗಿಲ್ಲ. ಲಾಲ್‌ಬಾಗಿಗೆ ಹೈದರ್ ಅಲಿಯ ಕಾಲದಿಂದಲೂ ಪರದೇಶದ ಸಸ್ಯಗಳು ಬರುತ್ತಲೇ ಇವೆ. 1908ರಿಂದ 1932ರ ವರೆಗೆ ಅಲ್ಲಿಯ ಮೇಲ್ವಿಚಾರಣೆ ವಹಿಸಿದ್ದ ಕ್ರುಂಬಿಗಲ್ ಅವರಿಂದ ಬೆಂಗಳೂರಿನ ಬೀದಿಗಳಿಗೆ ಬಂದ ಹೂಮರಗಳ ಸೊಬಗು ಯಾರಿಗೆ ಬೇಡ? ಮಡಗಾಸ್ಕರಿನ ಗುಲ್‌ಮೊಹರ್ ನಮ್ಮ ಬೇಸಗೆಯ ಅಲಂಕಾರವೇ ಆಗಿದೆ. ಸಾರಿಗೆ ಹಾಕುವ ಮೆಣಸಿನಕಾಯಿಯೂ ಅಮೇರಿಕದ್ದೇ. ಆದರೆ ಅವು ನೆಟ್ಟಲ್ಲಿ ನಿಲ್ಲುತ್ತವೆ, ವೆಡೇಲಿಯ ನಡೆಯುತ್ತದೆ. ಗೃಹಸ್ಥನು ಗಿಡವನ್ನು ತರುವ ಮುನ್ನ ಊರನ್ನು ಕೇಳುವುದಕ್ಕಿಂತ ಈ ನಡೆಯನ್ನು ವಿಚಾರಿಸುವುದು ಮೇಲು.

ಅಂಗಳದೊಳಗೆ ಹದ್ದಿನಲ್ಲಿಟ್ಟುಕೊಂಡವರ ಕೈಯಿಂದಲೂ ಇದು ತಪ್ಪಿಸಿಕೊಳ್ಳುವ ದಾರಿಯೊಂದುಂಟು. ಅದು ನಮ್ಮ ಹೆಂಗಸರ ಔದಾರ್ಯ. ನಮ್ಮಲ್ಲಿ ಗಿಡವನ್ನು ಕೇಳಿದರೆ ಇಲ್ಲವೆನ್ನುವ ಪದ್ಧತಿಯಿಲ್ಲ. ಕದ್ದು ತಂದ ಗಿಡ ಹೆಚ್ಚು ಚೆನ್ನಾಗಿ ಹತ್ತುವುದೆಂಬ ನಂಬಿಕೆ ಬೇರೆ. ಬೆಂಗಳೂರು ಮೈಸೂರುಗಳ ತವರುಮನೆಗೆ ಬಂದ ಮಗಳು ತೀರ್ಥಹಳ್ಳಿಗೋ ಶಿರಸಿಗೋ ಹಿಂದಿರುಗುವಾಗ, ಹಪ್ಪಳ ಸಂಡಿಗೆಗಳ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ನಾಲ್ಕು ತುಂಡು ವೆಡೇಲಿಯವೂ ಸೇರುವುದು ಅಪರೂಪವೇನಲ್ಲ. ಬಯಲುಸೀಮೆಯ ಒಣನೆಲದಲ್ಲಿ ನೀರೆರೆಯದಿದ್ದರೆ ಇದು ತಾನಾಗಿ ಸೊರಗುವುದರಿಂದ ಅಲ್ಲಿ ಅಪಾಯ ಕಡಮೆ. ಮಲೆನಾಡಿನ ಪಾಡು ಬೇರೆ. ಅಲ್ಲಿ ಮನೆಯ ಹಿಂದೆ ಅಡಕೆಯ ತೋಟ, ತೋಟದಲ್ಲಿ ವರ್ಷವೆಲ್ಲ ತೇವವಿರುವ ಬಸಿಗಾಲುವೆ, ಅದರ ಕೊನೆಗೆ ಹಳ್ಳ. ಈ ಕಾಲುವೆಯ ಅಂಚುಗಳಲ್ಲಿಯೇ ಒಂದೆಲಗ ಬೆಳೆಯುವುದು. ಮಧ್ಯಾಹ್ನದ ತಂಬುಳಿಗೆ ಒಂದು ಹಿಡಿ ಎಲೆ ಬೇಕೆಂದರೆ ಮನೆಯ ಮಕ್ಕಳು ಓಡಿಹೋಗಿ ಕಿತ್ತು ತರುವುದು ಅಲ್ಲಿಂದಲೇ. ಒಂದೆಲಗ ನೆಲಕ್ಕಂಟಿ ಬೆಳೆಯುವ ಸಾಧುಜೀವಿ. ಎರಡು ಮೂರು ಅಂಗುಲಕ್ಕಿಂತ ಮೇಲೇಳುವುದೇ ಕಡಮೆ. ಅದಕ್ಕೆ ಒಪ್ಪುವ ತೇವ, ಅದಕ್ಕೆ ಒಪ್ಪುವ ಅರೆನೆರಳು, ಎರಡೂ ವೆಡೇಲಿಯಕ್ಕೂ ಒಪ್ಪುವುವು. ಗೇಣೆತ್ತರದ ದಟ್ಟ ಬಳ್ಳಿ ಮೇಲೆ ಹರಿದ ಬಳಿಕ ಕೆಳಗಿರುವ ಒಂದೆಲಗಕ್ಕೆ ಬೆಳಕೆಲ್ಲಿಂದ ಬರಬೇಕು? ಆದುದರಿಂದ ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಕೊಡಗಿನಲ್ಲಿ, ಮತ್ತು ಬಯಲುಸೀಮೆಯಲ್ಲಿಯೂ ಕಾಲುವೆ ಕೆರೆಗಳ ಮಗ್ಗುಲಲ್ಲಿ ಮನೆಯಿರುವವರು ವೆಡೇಲಿಯವನ್ನು ನೆಲಕ್ಕೆ ಊರಲೇಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅಲ್ಲಿಯ ನೆಂಟರು ಕೇಳಿದರೆ ಗುಲಾಬಿಯ ಕಡ್ಡಿಯನ್ನು ಕೊಟ್ಟು ಕಳುಹಿಸಬಹುದು.

ಈಗಾಗಲೇ ನೆಟ್ಟು ಪೇಚಿಗೆ ಸಿಕ್ಕಿದವರು ಎದೆಗುಂದಬೇಕಾಗಿಲ್ಲ. ಬೇರು ಆಳಕ್ಕಿಳಿಯುವ ಜಾತಿಯಲ್ಲವಾದ್ದರಿಂದ, ಒಳ್ಳೆಯ ಮಳೆ ಬಿದ್ದ ಮರುದಿನ ಮಣ್ಣು ಮೆತ್ತಗಿರುವಾಗ ಕೈಯಿಂದಲೇ ಕೀಳಬಹುದು. ಅಂಚಿನಿಂದ ಆರಂಭಿಸಿ ಚಾಪೆ ಸುತ್ತುವಂತೆ ಒಳಗಡೆಗೆ ಸುತ್ತಿಕೊಂಡು ಹೋದರೆ ತುಂಡುಗಳು ಚೆದರವು. ಗುದ್ದಲಿಯಿಂದ ಕೊಚ್ಚುವುದು ಕೂಡದು; ಕೊಚ್ಚಿದಷ್ಟೂ ಗೆಣ್ಣು ಚೆಲ್ಲುವುದು. ಒಮ್ಮೆ ಕಿತ್ತರೆ ಮುಗಿಯಿತೆಂದೂ ತಿಳಿಯಬಾರದು. ಮೂರು ವಾರಗಳಿಗೊಮ್ಮೆ, ಒಂದು ಮಳೆಗಾಲ ಪೂರ್ತಿ, ಅದೇ ಜಾಗವನ್ನು ನೋಡಿ ಉಳಿದ ಚಿಗುರನ್ನು ತೆಗೆಯುತ್ತಿರಬೇಕು. ಜಾಗ ದೊಡ್ಡದಾದರೆ, ಕಿತ್ತ ಮೇಲೆ ದಪ್ಪ ರಟ್ಟನ್ನು ಹಾಸಿ ಅದರ ಮೇಲೆ ನಾಲ್ಕು ಅಂಗುಲ ತರಗೆಲೆಯನ್ನು ಹರಡಿದರೆ ಅರ್ಧ ಶ್ರಮ ಉಳಿಯುವುದು. ಮನೆಯಂಗಳದಲ್ಲಿ ಕಳೆನಾಶಕ ವಿಷಗಳನ್ನು ಸಿಂಪಡಿಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ತೆರವಾದ ನೆಲವನ್ನು ಬರಿದಾಗಿ ಬಿಡುವಂತಿಲ್ಲ. ಮೊದಲಿನ ಧೂಳು ಕೆಸರುಗಳ ಚಿಂತೆ ಮತ್ತೆ ಬರುವುದು. ಅಲ್ಲಿಗೆ ನಮ್ಮ ನಾಡಿನ ನೆಲಹಿಪ್ಪಲಿಯನ್ನು ನಾವು ಶಿಫಾರಸು ಮಾಡುತ್ತೇವೆ. ಕೆರೆಯ ಅಂಗಳದಲ್ಲಿಯೂ ಗದ್ದೆಯ ಬದುಗಳಲ್ಲಿಯೂ ತಾನಾಗಿ ಬೆಳೆಯುವ ಈ ಸಣ್ಣ ಗಿಡವನ್ನು ಕಾಸಿಲ್ಲದೆ ತರಬಹುದು. ಇದೂ ಗೆಣ್ಣುಗೆಣ್ಣಿಗೆ ಬೇರು ಬಿಡುವ ಬಹುವಾರ್ಷಿಕವೇ. ಆದರೆ ನೆಲಕ್ಕೊತ್ತಿಕೊಂಡು ಬೆಳೆಯುವುದರಿಂದ ಇಲಿ ಹಾವುಗಳಿಗೆ ಮರೆಯಾಗದು, ಮಕ್ಕಳು ಮೇಲೆ ಓಡಾಡಿದರೂ ಸಾಯದು, ಬೇಸಗೆಯನ್ನು ತಾಳುವುದು. ಹೂವು ಗುಂಡುಸೂಜಿಯ ತಲೆಗಿಂತ ಕೊಂಚ ದೊಡ್ಡ ಚೆಂಡು, ಬಿಳುಪು ನಸುಗೆಂಪು ಬೆರೆತ ಬಣ್ಣ. ದೂರದಿಂದ ಕಣ್ಸೆಳೆಯದಿದ್ದರೂ ಜೇನ್ನೊಣಗಳು ಅದನ್ನು ಬಲ್ಲವು. ಮಡಿಯನ್ನು ಮೀರಿ ಬಂದರೆ ಇದನ್ನೂ ಚಿವುಟಬೇಕಾಗುವುದು, ನಿಜ. ಜಲ್ಲಿಬೆರೆತ ಒಣಜಾಗವಾದರೆ ನೀಲಿ ಹೂವಿನ ವಿಷ್ಣುಕ್ರಾಂತಿ ಒಪ್ಪುತ್ತದೆ. ಹಳದಿಯ ಹೂವೇ ಬೇಕೆನ್ನುವವರು ನೆಲಗಡಲೆಯ ಬಳಗದ್ದೇ ಆದ ಬ್ರೆಜಿಲಿನ ಪಿಂಟೊ ಕಡಲೆಯನ್ನು ನೆಡಬಹುದು. ದ್ವಿದಳವಾದ್ದರಿಂದ ಮಣ್ಣಿಗೆ ಸಾರಜನಕವನ್ನೂ ಸೇರಿಸುವುದು, ಆದರೆ ಅದರ ಅಂಚನ್ನೂ ಕಾಯುತ್ತಿರಬೇಕು. ಬಚ್ಚಲ ನೀರು ಸೋಪಿಲ್ಲದೆ ಹರಿಯುವ ತೇವದ ಜಾಗವಿದ್ದರೆ ಹೂವಿನ ಆಸೆಯನ್ನು ಬಿಟ್ಟು ಒಂದೆಲಗವನ್ನೇ ಹಾಕುವುದು ಉಚಿತ. ನಾಲ್ಕು ಬೇರುಳ್ಳ ಎಸಳುಗಳನ್ನು ಗೇಣಿಗೊಂದರಂತೆ ಊರಿ, ಒಂದು ತಿಂಗಳು ಕೀಳದೆ ಬಿಟ್ಟರೆ, ಆಮೇಲೆ ವಾರಕ್ಕೆರಡು ದಿನದ ತಂಬುಳಿಗೆ ಕೊರತೆಯಿರದು.